‘ಗಾಂಧಾರಿ ಹುಬ್ಬಳ್ಳಿ’ ಪ್ಲೇಟಿನ ದನಿ: ಸ್ಪೀಡು ತಪ್ಪೇತೋ, ಕಂಠನ ಹಂಗಿತ್ತೋ?

ಬೆಟಗೇರಿ ತಟ್ಟಿ

ಗಂಗೂಬಾಯಿ ಹಾನಗಲ್ಲರು 1930ರ ದಶಕದಾಗ ಎಚ್‌ಎಂವಿಗೆ ಹಾಡಿದ ಪ್ಲೇಟು (ಗ್ರಾಮಫೋನ್ ರೆಕಾರ್ಡು), ಲೇಬಲ್ ಮ್ಯಾಲೆ ‘ಗಾಂಧಾರಿ ಹುಬ್ಬಳ್ಳಿ’ ಅಂತ ಇರೋವು, ಈಗ ಎರಡು ನಮೂನಿ ಫೈಲಿನಾಗ ಅಡ್ಡಾಡಾಕತ್ತಾವು. ಒಂದರಾಗ ತೆಳ್ಳಗಿನ ಏರುದನಿ. ಇನ್ನೊಂದನ್ನ ಯಾರೋ ಮೂರು ಅರ್ಧಸ್ವರ (ಹಾರ್ಮೋನಿಯಂನ ಮೂರು ಮನಿಯಷ್ಟು) ಕೆಳಗಿಳಿಸಿ ‘ಸರಿಪಡಿಸಿದ ಪ್ರತಿ’ ಅಂತ ಹೆಸರಿಟ್ಟಾರ. ಎರಡನೇದು ಕೇಳಿದ್ರ ನಮಗೆಲ್ಲ ಗೊತ್ತಿರೋ ಗಂಗೂಬಾಯಿ ದನಿಗೆ ಹತ್ರ ಅನಸ್ತೈತಿ.

ಹಾಡು ಕಲಿಯೋ ಹುಡುಗ್ರಿಗೆ ಕೇಳಸಾಕ ಯಾವುದು ಇಟ್ಕೋಬೇಕು? 78ರ ಪ್ಲೇಟಿನ (ನಿಮಿಷಕ್ಕ 78 ಸುತ್ತು ತಿರುಗೋದು) ಸ್ಪೀಡು ಸರಿ ಐತೋ ಇಲ್ಲೋ ಅನ್ನೋದನ್ನ ಬರೇ ‘ಅನಸ್ತೈತಿ’ ಬಿಟ್ಟು ಲೆಕ್ಕದಾಗ ಹಿಡಿಯೋ ದಾರಿ ಐತೇನ್ರಿ?

ಕುಂದಗೋಳ ಪ್ಯಾಸೆಂಜರ್

ಏರುದನಿದ್ದು ಇಟ್ಕೋರಿ. ‘ಸರಿಪಡಿಸಿದ್ದು’ ಅನ್ನೋದನ್ನ ಅಳಿಸಿಬಿಡ್ರಿ.

ಗಾಂಧಾರಿ ಅನ್ನೋದು ಗಂಗೂಬಾಯಿಯವರದ ಹೆಸರು. 1913ರ ಮಾರ್ಚ್ 5ಕ್ಕ ಧಾರವಾಡದಾಗ ಹುಟ್ಟಿದವರು, 1928ರಾಗ ಮನಿಮಂದಿ ಹುಬ್ಬಳ್ಳಿಗೆ ಬಂದ್ರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದವರು, ತೀರಿಕೊಂಡಿದ್ದು 1932ರಾಗ. ಅಂದ್ರ ಈ ಪ್ಲೇಟು ಹಾಡೋ ಹೊತ್ತಿಗೆ ಹಾಡುಗಾರ್ತಿಗೆ ಇಪ್ಪತ್ತರ ಆಜೂಬಾಜು ವಯಸ್ಸು. ಆಗ ಅವರ ಕಂಠ ನಿಜವಾಗಿನೂ ತೆಳ್ಳಗ, ಮ್ಯಾಲಿನ ಸಪ್ತಕಕ್ಕ ಸಲೀಸಾಗಿ ಹೋಗೂವಂಥಾದ್ದು. ಮುಂದ ಟಾನ್ಸಿಲ್ ತೊಂದರಿ, ಅದರ ಚಿಕಿತ್ಸಾ ಆದ ಮ್ಯಾಲೆ ದನಿ ಕೆಳಗಿಳಿದು ಗಡಸಾತು. ನಾವು ರೇಡಿಯೋದಾಗ, ಎಲ್‌ಪಿಯೊಳಗ ಕೇಳಿದ್ದು ಆ ಎರಡನೇ ದನಿ. ಹಾಡಿಕಿನೂ ಬ್ಯಾರೆ: ಪ್ಲೇಟಿನ ಕಾಲಕ್ಕ ಮರಾಠಿ ಭಾವಗೀತಿ, ಜಿ.ಎನ್. ಜೋಶಿಯವರ ಜೋಡಿ ಯುಗಳಗೀತಿ ಎಲ್ಲಾ ಇದ್ವು. ಆಮ್ಯಾಲೆ ಅವನ್ನೆಲ್ಲ ಬಿಟ್ಟು ಖಯಾಲ್ ಒಂದನ್ನ ಹಿಡಕೊಂಡ್ರು.

ಹಿಂಗಾಗಿ ಹಳೇ ದನಿಯನ್ನ ಹೊಸ ದನಿಗೆ ಹೊಂದಸಾಕ ಹೋದ್ರ ಚರಿತ್ರಿನ ಅಳಿಸಿದಂಗ.

ಮಾಳಮಡ್ಡಿ

ಚರಿತ್ರೆ ಸರಿ ಅದ. ಆದ್ರ ಅವರು ಕೇಳಿದ್ದು ಲೆಕ್ಕ. ಮೊದಲು ಅದನ್ನ ನೋಡೋಣು.

ಒಂದು ಅರ್ಧಸ್ವರ ಅಂದ್ರ ಕಂಪನದಾಗ 1.0595 ಪಟ್ಟು, ಸುಮಾರು ಶೇಕಡಾ 6. ಪ್ಲೇಟಿನ ಸ್ಪೀಡಿಗೂ ಅದೇ ಲೆಕ್ಕ. 78ರ ಪ್ಲೇಟನ್ನ ಅರ್ಧಸ್ವರ ಏರಸಬೇಕಾದ್ರ 82.6ಕ್ಕ ತಿರುಗಸಬೇಕು, ಇಳಸಬೇಕಾದ್ರ 73.6ಕ್ಕ. ಮೂರು ಅರ್ಧಸ್ವರ ಇಳಸಬೇಕಂದ್ರ 1.189ರಿಂದ ಭಾಗಿಸ್ರಿ: 65.6 ಬರ್ತದ. ಅಂದ್ರ ‘ಸರಿಪಡಿಸಿದವರು’ ಹೇಳೋದು ಏನಪಾ ಅಂದ್ರ, 1930ರ ದಶಕದಾಗ ಎಚ್‌ಎಂವಿಯಂಥ ಕಂಪನಿ 65.6 ಸುತ್ತಿನ ಮ್ಯಾಲೆ ಮುದ್ರಣ ಮಾಡಿತ್ತು ಅಂತ! ಕೊಂಬಿನ ಕಾಲದ (ಮೈಕಿಲ್ಲದ, ಕೊಂಬಿನೊಳಗ ಹಾಡಿ ಮುದ್ರಿಸತಿದ್ದ ಕಾಲದ) ಪ್ಲೇಟುಗಳೊಳಗ 74ರಿಂದ 80ರ ತನಕಾ ಏರುಪೇರು ಸಿಗ್ತಾವ, ನಿಜ. ಎಲೆಕ್ಟ್ರಿಕ್ ಮುದ್ರಣ ಬಂದ ಮ್ಯಾಲೆ ಅಷ್ಟೂ ಇಲ್ಲ. ಒಂದು, ಒಂದೂವರಿ ಸುತ್ತು ಹೆಚ್ಚುಕಡಿಮಿ ಇರಬಹುದು. 12 ಸುತ್ತಿನ ತಪ್ಪು ಕಂಪನಿಯೊಳಗ ಆಗೂದಿಲ್ಲ, ಮನಿಯೊಳಗ ಕಂಪ್ಯೂಟರಿನ ಮುಂದ ಆಗ್ತದ.

ಇನ್ನೊಂದು ಗುರುತು, ವ್ಯಾಳ್ಯಾ. ಹತ್ತಿಂಚಿನ ಪ್ಲೇಟಿನ ಒಂದು ಮಗ್ಗಲು ಮೂರರಿಂದ ಮೂರೂವರಿ ನಿಮಿಷ. 3 ನಿಮಿಷ 10 ಸೆಕೆಂಡಿನ ಹಾಡು 78ರಾಗ 247 ಸುತ್ತು ಆಗ್ತದ. ಅವೇ 247 ಸುತ್ತು 65.6ರ ಮ್ಯಾಲೆ ತಿರುಗಿದ್ರ 3 ನಿಮಿಷ 46 ಸೆಕೆಂಡು. ನಿಮ್ಮ ಎರಡೂ ಫೈಲಿನ ಉದ್ದ ನೋಡ್ರಿ. ಉದ್ದ ಒಂದೇ ಇದ್ದು ದನಿ ಅಷ್ಟೇ ಇಳದಿದ್ರ, ಅವರು ಸ್ಪೀಡು ಮುಟ್ಟಿಲ್ಲ, ಕಂಪ್ಯೂಟರಿನಾಗ ‘ಪಿಚ್’ ಮಾತ್ರ ಎಳದಾರ. ಅದು ಇನ್ನೂ ಕೆಟ್ಟದು, ಯಾಕಂದ್ರ ಯಾವ ಪ್ಲೇಟೂ ಯಾವ ಮಶೀನಿನ ಮ್ಯಾಲೂ ಹಂಗ ನುಡಿಯೂದಿಲ್ಲ.

ಬೆಟಗೇರಿ ತಟ್ಟಿ

ಉದ್ದ ಎರಡೂ ಒಂದೇ ಐತ್ರಿ.

ಮಾಳಮಡ್ಡಿ

ಹಂಗಾದ್ರ ಮಾತು ಮುಗೀತು. ಆಡಾಸಿಟಿಯೊಳಗ ಮೂರು ಬ್ಯಾರೆ ಬ್ಯಾರೆ ಆಯ್ಕೆ ಇರ್ತಾವ: ಸ್ಪೀಡ್, ಪಿಚ್, ಟೆಂಪೋ. ಪ್ಲೇಟಿನ ಕೆಲಸಕ್ಕ ಬೇಕಾದ್ದು ಸ್ಪೀಡ್ ಮಾತ್ರ, ಅದು ದನಿ ಮತ್ತ ಲಯ ಎರಡನ್ನೂ ಕೂಡೇ ಬದಲಸ್ತದ. ಉಳಿದೆರಡನ್ನ ಮುಟ್ಟಬ್ಯಾಡ್ರಿ.

ಕರಿ ಒಂದು

ಮೂರು ಅರ್ಧಸ್ವರದ ಮಾತು ಬಿಡೋಣ, ಅದು ಮೇಲ್ನೋಟಕ್ಕೇ ತಪ್ಪು. ಕಷ್ಟ ಇರುವುದು ಸಣ್ಣ ವ್ಯತ್ಯಾಸದಲ್ಲಿ: ಪ್ಲೇಟು 76ರದೋ, 78ರದೋ, 80ರದೋ? ಅಲ್ಲಿ ನೆರವಿಗೆ ಬರುವುದು ಹಾರ್ಮೋನಿಯಂ. ಹಾಡುಗಾರರ ಷಡ್ಜ (ಆಧಾರಸ್ವರ ‘ಸಾ’) ಎಲ್ಲಿ ಬೇಕಾದರೂ ಇರಬಹುದು, ಸಾರಂಗಿಯವರೂ ಅದಕ್ಕೆ ಹೊಂದಿಸಿಕೊಳ್ಳಬಹುದು. ಆದರೆ ಹಿಂದೆ ಪೆಟ್ಟಿಗೆ (ಹಾರ್ಮೋನಿಯಂ) ನುಡಿಯುತ್ತಿದ್ದರೆ ಷಡ್ಜ ಯಾವುದಾದರೂ ಒಂದು ಮನೆಯ ಮೇಲೆ ಕೂರಲೇಬೇಕು. ಎರಡು ಮನೆಗಳ ನಡುವೆ ಬಿದ್ದರೆ ಸ್ಪೀಡಿನ ಮೇಲೆ ಅನುಮಾನ.

ಒಂದು ಉದಾಹರಣೆ. 78ರಲ್ಲಿ ಹಾಕಿದಾಗ ಷಡ್ಜ 226 ಹರ್ಟ್ಜ್ ಬಂತು ಅನ್ನಿ. ಪೆಟ್ಟಿಗೆಯಲ್ಲಿ ಬಿಳಿ ಆರನೇ ಮನೆ 220, ಕರಿ ಐದನೇ ಮನೆ 233. ನಮ್ಮದು ನಟ್ಟನಡುವೆ. ಬಿಳಿ ಆರಕ್ಕೆ ಕೂರಿಸಬೇಕಾದರೆ ಪ್ಲೇಟನ್ನು 75.9ಕ್ಕೆ ತಿರುಗಿಸಬೇಕು, ಕರಿ ಐದಕ್ಕಾದರೆ 80.4ಕ್ಕೆ. ಹೀಗೆ ಸಿಗುವುದು ಒಂದು ಉತ್ತರವಲ್ಲ, ಎರಡು ಸಾಧ್ಯತೆ.

ಇಲ್ಲೊಂದು ತೊಡಕಿದೆ. ಮೇಲಿನ ಲೆಕ್ಕ ಬಿಳಿ ಆರರ ಮೇಲಿನ ಸಪ್ತಕದ ಸ್ವರವನ್ನು 440 ಹರ್ಟ್ಜ್ ಎಂದು ಹಿಡಿದದ್ದು. 440 ಎಂಬ ಅಂತರರಾಷ್ಟ್ರೀಯ ಒಪ್ಪಂದ ಆದದ್ದೇ 1939ರಲ್ಲಿ. ಅದಕ್ಕೂ ಮೊದಲಿನ ಪೆಟ್ಟಿಗೆಗಳಲ್ಲಿ ಫ್ರೆಂಚ್ 435ರ ರೀಡುಗಳೂ ಇರುತ್ತಿದ್ದವು. 435ಕ್ಕೂ 440ಕ್ಕೂ 20 ಸೆಂಟ್ ಅಂತರ, ಅಂದರೆ ಅರ್ಧಸ್ವರದ ಐದನೇ ಒಂದು ಪಾಲು, ಸ್ಪೀಡಿನಲ್ಲಿ ಶೇಕಡಾ 1.15. ಹಾಗಾಗಿ ಷಡ್ಜ ಮನೆಗಿಂತ 20 ಸೆಂಟ್ ಕೆಳಗಿದೆ ಎಂದ ಮಾತ್ರಕ್ಕೆ ಸ್ಪೀಡು ಬದಲಿಸಲು ಹೋಗಬೇಡಿ, ಪೆಟ್ಟಿಗೆಯೇ ಹಾಗಿರಬಹುದು. 40–50 ಸೆಂಟ್ ದೂರ ಇದ್ದರೆ ಮಾತ್ರ ಕೈ ಹಾಕಿ.

ಉಣಕಲ್ ಕೆರಿ

ಎರಡು ಸಾಧ್ಯತೆಯೊಳಗ ಒಂದನ್ನ ಆರಿಸೋದು ಹೆಂಗ್ರಿ ಮತ್ತ?

ಕರಿ ಒಂದು

ಅದೇ ಬೈಠಕ್ಕಿನ (ಒಂದೇ ಸಲ ಕೂತು ಮುದ್ರಿಸಿದ) ಇನ್ನೊಂದು ಪ್ಲೇಟು ಹುಡುಕಿ. ಲೇಬಲ್ಲಿನ ಅಂಚಿಗೆ, ಹಾಡು ಮುಗಿದ ಮೇಲೆ ಉಳಿಯುವ ಬೋಳು ಜಾಗದಲ್ಲಿ ಕೊರೆದ ಅಂಕಿ ಇರುತ್ತದೆ: ಮ್ಯಾಟ್ರಿಕ್ಸ್ ನಂಬರು. ಲೇಬಲ್ ಮೇಲೆ ಅಚ್ಚಾದ ಕ್ಯಾಟಲಾಗ್ ನಂಬರು ಮರುಬಿಡುಗಡೆಯಲ್ಲಿ ಬದಲಾಗಬಹುದು. ಮ್ಯಾಟ್ರಿಕ್ಸ್ ಆಯಾ ಮುದ್ರಣಕ್ಕೆ ಅಂಟಿಕೊಂಡೇ ಇರುತ್ತದೆ. ಅಕ್ಕಪಕ್ಕದ ಮ್ಯಾಟ್ರಿಕ್ಸ್ ಅಂಕಿಗಳೆಂದರೆ ಸಾಮಾನ್ಯವಾಗಿ ಅದೇ ದಿನ, ಅದೇ ಮಶೀನು, ಅದೇ ಪೆಟ್ಟಿಗೆ. ಅವೆಲ್ಲದರ ಷಡ್ಜ ಒಂದೇ ಕಡೆ ನಿಲ್ಲಬೇಕು.

ಆದರೆ ಹುಷಾರು. ಠುಮ್ರಿ, ಭಜನ್, ಪಿಲೂ ಥರದ ಧುನ್‌ಗಳಲ್ಲಿ ಮಧ್ಯಮವನ್ನೇ ಷಡ್ಜ ಮಾಡಿಕೊಂಡು ಹಾಡುವುದುಂಟು. ಆಗ ಒಂದೇ ದಿನದ ಎರಡು ಪ್ಲೇಟುಗಳ ನಡುವೆ ಐದು ಅರ್ಧಸ್ವರ ವ್ಯತ್ಯಾಸ ಬರುತ್ತದೆ, ಅದು ಸ್ಪೀಡಿನ ತಪ್ಪಲ್ಲ. ವ್ಯತ್ಯಾಸ ಹೆಚ್ಚುಕಡಿಮೆ ಸರಿಯಾಗಿ ಐದು ಇದ್ದರೆ ಮೊದಲು ರಾಗ ನೋಡಿ, ಆಮೇಲೆ ಮಶೀನು.

ಹಾನಗಲ್ಲ ದಾರಿ

ತಂಬೂರಿ ಕೇಳಿ ಹಿಡಿಯಾಕ ಬರೂದಿಲ್ಲೇನ್ರಿ?

ಕರಿ ಒಂದು

78ರ ಪ್ಲೇಟಿನಲ್ಲಿ ತಂಬೂರಿ ಕೇಳಿದರೆ ಪುಣ್ಯ. ಕೊಂಬಿನೊಳಗೆ ಹಾಡುತ್ತಿದ್ದ ಕಾಲದಲ್ಲಿ ಮೇಣದ ಮೇಲೆ ಮೂಡುತ್ತಿದ್ದದ್ದು ಅಂದಾಜು 250ರಿಂದ 2500 ಹರ್ಟ್ಜ್ ಮಾತ್ರ. ತಂಬೂರಿಯ ಖರಜವೂ (ಕೆಳಗಿನ ಸ್ವರ) ಹೋಯಿತು, ಜವಾರಿಯ ಝೇಂಕಾರವೂ ಹೋಯಿತು. ಎಲೆಕ್ಟ್ರಿಕ್ ಬಂದ ಮೇಲೆ ಕೆಳಗೆ 100, ಮೇಲೆ 5000ದವರೆಗೆ ಹಿಗ್ಗಿತು, ಆದರೂ ಪ್ಲೇಟು ಮಾಡಿದ ಅರಗಿನ ಸರಸರ ಸದ್ದಿನಲ್ಲಿ ತಂಬೂರಿ ಮುಳುಗಿಯೇ ಇರುತ್ತದೆ. ಎಲ್‌ಪಿ, ಟೇಪುಗಳಿಗೆ ಮಾತ್ರ ತಂಬೂರಿ ಸಾಕ್ಷಿ. ಅಲ್ಲಿಯೂ ಮೊದಲ ತಂತಿ ಯಾವುದು ಅಂತ ಗೊತ್ತಿರಬೇಕು: ಗಂಗೂಬಾಯಿಯವರ ಮಾರವಾ, ಪೂರಿಯಾಗಳಲ್ಲಿ ಪಂಚಮವೇ ಇಲ್ಲ, ಅಲ್ಲಿ ನಿಷಾದದ ತಂತಿಯನ್ನು ಪಂಚಮ ಅಂದುಕೊಂಡು ಷಡ್ಜ ಲೆಕ್ಕ ಹಾಕಿದರೆ ಎಲ್ಲವೂ ತಲೆಕೆಳಗು.

ಮಾಳಮಡ್ಡಿ

ಬೆಟಗೇರಿಯವರ ಮೂಲ ಪ್ರಶ್ನಿಗೆ ಇನ್ನೊಂದು ಪರೀಕ್ಷಾ ಅದ. ಹಾರ್ಮೋನಿಯಂ ಇಲ್ಲದ ಪ್ಲೇಟಿಗೂ ನಡೀತದ.

ಕಂಠದಿಂದ ಹೊರಡೋ ಸ್ವರ ಬ್ಯಾರೆ, ಬಾಯಿ-ಗಂಟಲಿನ ಪೊಳ್ಳಿನಾಗ ಆ ಸ್ವರಕ್ಕ ಸಿಗೋ ಬಣ್ಣ ಬ್ಯಾರೆ. ಹಾಡುವಾಕಿ ಮ್ಯಾಲಿನ ಸ್ವರ ಹಿಡಿದ್ರ ಸ್ವರ ಏರ್ತದ, ಪೊಳ್ಳಿನ ಅಳತಿ ಬಹಳ ಬದಲಾಗೂದಿಲ್ಲ. ಪ್ಲೇಟನ್ನ ಜೋರಾಗಿ ತಿರುಗಿಸಿದ್ರ ಎರಡೂ ಕೂಡೇ ಏರ್ತಾವ, ಅದಕ್ಕೇ ‘ಆ’ ಅನ್ನೋದು ಚಿಕ್ಕ ಮಗುವಿನ ಬಾಯಿಂದ ಬಂದಂಗ ಕೇಳ್ತದ. ಹಿಂಗ ಕೇಳ್ರಿ: ಆಲಾಪದ ಉದ್ದನ ಆಕಾರ, ಮಾತಿನೊಳಗಿನ ಸ-ಶ, ಆಮ್ಯಾಲೆ ತಬಲಾದ ಬಾಯಾ (ಎಡಗೈಯ ಡಗ್ಗಾ). ಬಾಯಾದ ಗುಮಕಿ ಡಗ್ಗಾದಂಗ ಬರದ ಡಬ್ಬಿ ಬಡಿದಂಗ ಬಂದ್ರ ಸ್ಪೀಡು ಹೆಚ್ಚು. ಬಾಯಾ ಸರಿ ಇದ್ದು ದನಿ ಮಾತ್ರ ತೆಳ್ಳಗಿದ್ರ ಕಂಠನ ಹಂಗದ ಅಂತ ತಿಳೀರಿ.

ಇಳಿಸಿದ ಪ್ರತಿಗೆ ಇದೇ ಪರೀಕ್ಷಾ ತಿರುವಿ ಹಚ್ಚರಿ. ಅದರಾಗ ‘ಆ’ ದೊಡ್ಡ ಗಡಿಗಿಯೊಳಗಿಂದ ಬಂದಂಗ ಕೇಳ್ತದ, ಸ-ಶ ಎರಡೂ ಮಬ್ಬು. ಮುಂದಿನ ಕಾಲದ ಗಂಗೂಬಾಯಿಯವರ ದನಿ ಗಡಸು ಹೊರ್ತು ಮಬ್ಬಲ್ಲ.

ಕುಂದಗೋಳ ಪ್ಯಾಸೆಂಜರ್

ಗಂಗೂಬಾಯಿಯವರ ಕಿರಾಣಾ ಪರಂಪರೆಯೊಳಗ ಏರುದನಿ ಅಂದ್ರ ಯಾವಾಗಲೂ ಅನುಮಾನದಿಂದ ನೋಡೋ ಚಟ ಒಂದು ಬಂದೈತಿ, ಅದಕ್ಕ ಎರಡು ಮಾತು.

ಅಬ್ದುಲ್ ಕರೀಂ ಖಾನ್ (1872–1937) ಅವರ ಪ್ಲೇಟು ಕೇಳಿದವರೆಲ್ಲ ಮೊದಲು ಕೇಳೋದು ‘ಸ್ಪೀಡು ಜಾಸ್ತಿ ಆಗೇತೇನು’ ಅಂತನ. ಖಾನ್‌ಸಾಹೇಬರ ದನಿನ ಸಣ್ಣದು, ಮ್ಯಾಲೆ ತೇಲೋದು. ಕುಂದಗೋಳದ ನಾಡಿಗೇರ ವಾಡೆಗೆ ಅವರು ಬರತಿದ್ರು, ರಾಮಭಾವು ಕುಂದಗೋಳಕರ ಅವರ ಶಿಷ್ಯರಾದ್ರು. ಅವರೇ ಸವಾಯಿ ಗಂಧರ್ವ (1886–1952). ರಾಮಭಾವು ಅವರ ಸಹಜ ಕಂಠ ಹಂಗ ನುಣುಪಲ್ಲ, ತಾಲೀಮಿನಿಂದ ಹದಕ್ಕ ತಂದದ್ದು. ಮರಾಠಿ ನಾಟಕ ಕಂಪನಿಯೊಳಗ ಸ್ತ್ರೀಪಾತ್ರ ಮಾಡಿ ಹೆಸರಾದವರು. ಮೈಕಿಲ್ಲದ ರಂಗದ ಮ್ಯಾಲೆ ಹಿಂದಿನ ಸಾಲಿಗೆ ಮುಟ್ಟಬೇಕಂದ್ರ ಷಡ್ಜ ಏರಸಲೇಬೇಕಿತ್ತು. ನಾಟಕದಿಂದ ಬಂದ ಆ ಪೀಳಿಗಿ ಗಂಡಸರೆಲ್ಲ ಈಗಿನವರಿಗಿಂತ ಮ್ಯಾಲಿನ ಷಡ್ಜ ಹಿಡಿದು ಹಾಡತಿದ್ರು. ಇದು ಮಶೀನಿನ ದೋಷ ಅಲ್ಲ.

ಅವರ ಶಿಷ್ಯ ಭೀಮಸೇನ ಜೋಶಿ, 1922ರಾಗ ರೋಣದಾಗ ಹುಟ್ಟಿ ಗದಗಿನಾಗ ಬೆಳದವರು. ಖಾನ್‌ಸಾಹೇಬರ ಝಿಂಝೋಟಿ ಠುಮ್ರಿ ಪ್ಲೇಟು ಕೇಳಿ ಮನಿ ಬಿಟ್ಟು ಗುರುವಿನ ಹುಡುಕಾಟಕ್ಕ ಹೋದ್ರು ಅನ್ನೋದು ಎಲ್ಲಾರಿಗೂ ಗೊತ್ತಿರೋ ಸಂಗತಿ. ಆದ್ರ ಗುರುವಿನ ಗುರುವಿನ ದನಿಯನ್ನ ಅವರು ನಕಲು ಮಾಡಲಿಲ್ಲ. ಬಡತ (ರಾಗ ಬೆಳೆಸೋ ರೀತಿ) ತಗೊಂಡ್ರು, ಸ್ವರ ಹಚ್ಚೋ ರೀತಿ ತಗೊಂಡ್ರು, ದನಿ ಮಾತ್ರ ತಮ್ಮದ ತುಂಬುಗಂಠ. ಕುಂದಗೋಳದಾಗ ಅವರಿಗೆ ತೋಡಿ, ಮುಲ್ತಾನಿ, ಪೂರಿಯಾ ಅಂತ ಬೆರಳೆಣಿಕೆಯ ರಾಗದ ಮ್ಯಾಲೆ ವರ್ಷಗಟ್ಟಲೆ ತಾಲೀಮು. ಗಂಗೂಬಾಯಿಯವರೂ ಹುಬ್ಬಳ್ಳಿಯಿಂದ ರೈಲಿನಾಗ ಹೋಗಿ ಅದೇ ಮನಿಯೊಳಗ ಕಲತವರು. ಒಂದೇ ಗುರು, ಒಂದೇ ರಾಗ, ಮೂರು ದನಿ. ಹಿಂಗಿರುವಾಗ ಒಬ್ಬರ ದನಿಯನ್ನ ಇನ್ನೊಬ್ಬರದಕ್ಕ ಹೊಂದಿಸಿ ಸ್ಪೀಡು ತೀರ್ಮಾನ ಮಾಡೋದು ಹೆಂಗ?

ಉಣಕಲ್ ಕೆರಿ

ಅಲ್ರೀ, ಪ್ಲೇಟಿನೊಳಗ ಲಯನೂ ಓಡ್ತೈತಲ್ಲ. ಖಾನ್‌ಸಾಹೇಬರದು ವಿಲಂಬಿತ (ಭಾಳ ನಿಧಾನ ಲಯ) ಅಂತಾರು, ಪ್ಲೇಟಿನಾಗ ಎಲ್ಲೈತಿ ವಿಲಂಬಿತ? ಇದು ಸ್ಪೀಡು ಜಾಸ್ತಿ ಆಗಿದ್ದಕ್ಕ ಸಾಕ್ಷಿ ಅಲ್ಲೇನು?

ಕರಿ ಒಂದು

ಅಲ್ಲ. ಪ್ಲೇಟಿನ ಮಗ್ಗಲು 195 ಸೆಕೆಂಡು ಅನ್ನಿ. ವಿಲಂಬಿತ ಏಕತಾಲ, ಮಾತ್ರೆಗೆ 4 ಸೆಕೆಂಡು ಹಿಡಿದರೆ 12 ಮಾತ್ರೆಯ ಒಂದು ಆವರ್ತನಕ್ಕೆ 48 ಸೆಕೆಂಡು. ನಾಲ್ಕು ಆವರ್ತನಕ್ಕೆ ಪ್ಲೇಟೇ ಮುಗಿಯಿತು. ಸ್ಥಾಯಿ (ಹಾಡಿನ ಮೊದಲ ಭಾಗ) ಹೇಳಿ ಎರಡು ಸಲ ಸಮಕ್ಕೆ (ತಾಳದ ಮೊದಲ ಮಾತ್ರೆಗೆ) ಬರುವಷ್ಟರಲ್ಲಿ ಕಂಪನಿಯವರು ಕೈ ಮಾಡುತ್ತಾರೆ. ಹಾಗಾಗಿ ಎಲ್ಲರೂ ಮಧ್ಯಲಯಕ್ಕೆ ತಂದು, ಸ್ಥಾಯಿ, ಕೆಲವೇ ಆಲಾಪ, ಅಂತರಾ, ಕಡೆಯ ಒಂದು ನಿಮಿಷದಲ್ಲಿ ತಾನು (ವೇಗದ ಸ್ವರಸರಣಿ) ಅಂತ ಕಟ್ಟಿಕೊಂಡು ಹಾಡಿದರು. ಮಾತ್ರೆಗೆ 0.3 ಸೆಕೆಂಡಿನ ದ್ರುತದಲ್ಲಾದರೆ ಅದೇ ಜಾಗದಲ್ಲಿ 54 ಆವರ್ತನ ಹಿಡಿಸುತ್ತದೆ. ಪ್ಲೇಟಿನ ಲಯ ನೋಡಿ ಬೈಠಕ್ಕಿನ ಲಯ ಹೀಗೇ ಇತ್ತು ಅನ್ನುವುದೂ ತಪ್ಪು, ಸ್ಪೀಡು ತಪ್ಪಿದೆ ಅನ್ನುವುದೂ ತಪ್ಪು.

ಪ್ಲೇಟಿಗೆ ಹಾಡುವುದು ಒಂದು ಬೇರೆಯೇ ಕಸುಬು. ಖಾನ್‌ಸಾಹೇಬರು ತ್ಯಾಗರಾಜರ ಖರಹರಪ್ರಿಯ ಕೃತಿಯನ್ನು ಮೂರು ನಿಮಿಷಕ್ಕೆ ಕೂರಿಸಿದ್ದನ್ನು ಕೇಳಿ, ಯಾವುದನ್ನು ಬಿಡಬೇಕು ಎಂಬ ಲೆಕ್ಕ ಅಲ್ಲಿ ಸ್ಪಷ್ಟ ಕಾಣುತ್ತದೆ.

ಹಾನಗಲ್ಲ ದಾರಿ

ಒಂದು ಸಂಶಯ. ಕೆಲವು ಫೈಲಿನಾಗ ನಿಂತ ಸ್ವರ ಅಲಗಾಡ್ತೈತಿ. ದರಬಾರಿ ಗಾಂಧಾರ ಆದ್ರ ಸರಿ, ಅದು ಆಂದೋಲನ, ಹಾಡುವವರು ಬೇಕಂತ ಸ್ವರ ತೂಗೋದು. ಆದ್ರ ಷಡ್ಜನೂ ಅಲಗಾಡಿದ್ರ?

ಮಾಳಮಡ್ಡಿ

ತೂತು ನಡುವಿಲ್ಲದ ಪ್ಲೇಟು. 78 ಸುತ್ತು ಅಂದ್ರ ಒಂದು ಸುತ್ತಿಗೆ 0.77 ಸೆಕೆಂಡು. ಅಲಗಾಟ ಸರಿಯಾಗಿ 0.77 ಸೆಕೆಂಡಿಗೊಮ್ಮಿ, ಯಾವ ಸ್ವರ ಇದ್ರೂ ಅದೇ ಅಳತಿಯೊಳಗ ಬಂದ್ರ ಅದು ತೂತಿನ ಕೆಲಸ. ಹಾಡುವವರ ಆಂದೋಲನ ಹಂಗ ಗಡಿಯಾರದಂಗ ಇರೂದಿಲ್ಲ, ಎಲ್ಲಾ ಸ್ವರಕ್ಕೂ ಬರೂದಿಲ್ಲ.

ತೂತು 1 ಮಿಲಿಮೀಟರ್ ಮಗ್ಗಲಿಗೆ ಸರಿದಿದ್ರ, ಹೊರಗಿನ ಗೆರಿಯೊಳಗ (ನಡುವಿನಿಂದ 120 ಮಿಮೀ) ಮ್ಯಾಲೆ ಕೆಳಗ 14 ಸೆಂಟ್ ಅಲಗಾಟ. ಲೇಬಲ್ ಹತ್ರ (60 ಮಿಮೀ) ಅದೇ 28–29 ಸೆಂಟ್. ಅದಕ್ಕೇ ಹಾಡಿನ ಕಡೀಗೆ, ತಾನಿನ ಜಾಗದಾಗ ದೋಷ ಹೆಚ್ಚು ಕೇಳ್ತದ, ‘ಕಡೀಗೆ ಬೇಸೂರು ಆದ್ರು’ ಅಂತ ಹಾಡುವವರ ಮ್ಯಾಲೆ ಬರ್ತದ.

ತೂತನ್ನ ಅರದಿಂದ ಉಜ್ಜಿ ದೊಡ್ಡದು ಮಾಡಬ್ಯಾಡ್ರಿ, ಅರಗಿನ ಪ್ಲೇಟು ಅಲ್ಲಿಂದನ ಸೀಳ್ತದ. ನಡುಗೂಟ ತಗಿಯಾಕ ಬರೋ ಟರ್ನ್‌ಟೇಬಲ್ ಇದ್ರ ಗೂಟ ತಗದು, ಮುಳ್ಳಿನ ಕೈ (ಟೋನ್‌ಆರ್ಮ್) ಅಡ್ಡಾಡದ ನಿಲ್ಲೋ ತನಕಾ ಪ್ಲೇಟನ್ನ ಬೆರಳಿಂದ ಸ್ವಲ್ಪ ಸ್ವಲ್ಪ ಸರಿಸ್ರಿ.

ಬೆಟಗೇರಿ ತಟ್ಟಿ

ಮಶೀನಿನ ಸ್ಪೀಡು ಸರಿ ಐತಿ ಅಂತ ನೋಡೋದು ಹೆಂಗ? ಸ್ಟ್ರೋಬ್ ಕಾಗದ (ಸ್ಪೀಡು ನೋಡೋ ಗೆರಿ ಕಾಗದ) ಇಟ್ಟು ನೋಡಿದ್ರೂ ಗೆರಿ ನಿಲ್ಲವಲ್ಲವು.

ಮಾಳಮಡ್ಡಿ

ಮ್ಯಾಲೆ ಎಲ್‌ಇಡಿ ಬಲ್ಬು ಇರಬೇಕು. ಸ್ಟ್ರೋಬ್ ಕೆಲಸ ಮಾಡೋದು ಕರೆಂಟಿನ ಮಿಣುಕಿನಿಂದ: 50 ಹರ್ಟ್ಜಿಗೆ ಸೆಕೆಂಡಿಗೆ 100 ಮಿಣುಕು. ಛಲೋ ಎಲ್‌ಇಡಿ ಮಿಣುಕೂದೇ ಇಲ್ಲ. ಹಳೇ ತಂತಿ ಬಲ್ಬು ಇಲ್ಲಾ ಟೆಸ್ಟರಿನ ಸಣ್ಣ ನಿಯಾನ್ ದೀಪ ಹಿಡೀರಿ. ಕಾಗದನೂ ನಮ್ಮ ಕರೆಂಟಿನದೇ ಇರಬೇಕು. 50 ಹರ್ಟ್ಜಿನದಕ್ಕ 77 ಗೆರಿ ಇರ್ತಾವ, ನಿಂತಂಗ ಕಂಡ್ರ ಸ್ಪೀಡು 77.92. ಇಂಟರ್ನೆಟ್ಟಿನಿಂದ ಇಳಿಸಿಕೊಂಡದ್ದು ಅಮೆರಿಕಾದ್ದಾದ್ರ 92 ಗೆರಿ, 60 ಹರ್ಟ್ಜಿಂದು, ನಮ್ಮಲ್ಲಿ ಅದು ಸುಳ್ಳು ಹೇಳ್ತದ.

ಏನೂ ಇಲ್ಲಂದ್ರ ಪ್ಲೇಟಿನ ಅಂಚಿಗೆ ಒಂದು ಚೀಟಿ ಅಂಟಿಸಿ ಮೊಬೈಲಿನಾಗ ವಿಡಿಯೋ ತಗೊಂಡು ಒಂದು ನಿಮಿಷದ ಸುತ್ತು ಎಣಿಸ್ರಿ. ಮುಳ್ಳು ಇಳಿಸಿ, ಪ್ಲೇಟು ನುಡಿಯುವಾಗನ ಎಣಿಸಬೇಕು. ಖಾಲಿ ತಿರುಗುವಾಗ 78 ಇದ್ದದ್ದು ಮುಳ್ಳಿನ ಎಳೆತಕ್ಕ ಇಳೀತದ. ಸ್ಪ್ರಿಂಗಿನ ಗ್ರಾಮಫೋನಿನಾಗಂತೂ ಚಾವಿ ಇಳಿದಂಗ ಕಡೀ ಒಂದು ನಿಮಿಷ ನಿಧಾನ ಆಗೋದುಂಟು, ಒಳಗಿನ ಗವರ್ನರಿನ ಗ್ರೀಸು ಒಣಗಿದ್ರ ಇನ್ನೂ ಹೆಚ್ಚು.

ಅಪರೂಪದ ಪ್ಲೇಟನ್ನ ಆ ಗ್ರಾಮಫೋನಿನ ಮ್ಯಾಲೆ ಹಾಕಲೇಬ್ಯಾಡ್ರಿ. ಸೌಂಡ್‌ಬಾಕ್ಸಿನ ಭಾರ 100 ಗ್ರಾಮಿನ ಮ್ಯಾಲೆ, ಉಕ್ಕಿನ ಪಿನ್ನು. ಈಗಿನ ಕಾರ್ಟ್ರಿಜ್ಜಿನ ಭಾರ 3ರಿಂದ 5 ಗ್ರಾಮು. ಮುಳ್ಳು ಮಾತ್ರ 78ರದ್ದೇ ಬೇಕು: ತುದಿ 3 ಮಿಲ್, ಅಂದ್ರ 0.076 ಮಿಮೀ. ಎಲ್‌ಪಿ ಮುಳ್ಳು 0.7ರಿಂದ 1 ಮಿಲ್. ಅದು 78ರ ಗೆರಿಯ ತಳಕ್ಕ ಬಿದ್ದು ಧೂಳು ಕೆರೀತದ, ಹಾಡಿಗಿಂತ ಸರಸರನೇ ಹೆಚ್ಚು.

ಉಣಕಲ್ ಕೆರಿ

ನಮ್ಮ ಮಶೀನಿನಾಗ 33 ಮತ್ತ 45 ಎರಡ ಐತ್ರಿ.

ಮಾಳಮಡ್ಡಿ

45ಕ್ಕ ಹಾಕಿ ಮುದ್ರಿಸಿಕೊಂಡು ಕಂಪ್ಯೂಟರಿನಾಗ ಸ್ಪೀಡು 1.733 ಪಟ್ಟು ಮಾಡ್ರಿ. 33⅓ಕ್ಕ ಹಾಕಿದ್ರ 2.34 ಪಟ್ಟು. ಒಂದು ತೊಂದರಿ ಅದ: ಎಲ್‌ಪಿ ಮಶೀನಿನ ಪ್ರಿ-ಆಂಪ್ಲಿಫೈಯರ್ ಆರ್‌ಐಎಎ ಅನ್ನೋ 1954ರ ಕಟ್ಟಳಿ ಪ್ರಕಾರ ಖರಜ ಏರಿಸಿ ತಾರ ಇಳಸ್ತದ. ಇಂಥ ಹಳೇ ಪ್ಲೇಟು ಆ ಕಟ್ಟಳಿಗಿಂತ ಮೊದಲಿನವು, ಅದರ ಮ್ಯಾಲೆ ನಿಧಾನ ತಿರುಗಿಸಿದ್ರಿ ಅಂದ್ರ ಏರಿಳಿತದ ಜಾಗನೂ ಸರೀತದ. ದನಿ ಮಬ್ಬಾಗಿ ಬರ್ತದ, ಕೇಳಿದವರು ‘ಸ್ಪೀಡು ಕಡಿಮಿ’ ಅಂತಾರ. ಸಾಧ್ಯ ಇದ್ರ ಆರ್‌ಐಎಎ ಇಲ್ಲದ ಫ್ಲಾಟ್ ಮುದ್ರಣ ತಗೊಂಡು, ಸ್ಪೀಡು ಸರಿ ಮಾಡಿದ ಮ್ಯಾಲೆ ಖರಜ ಏರಿಸ್ರಿ. ಎಡ-ಬಲ ಎರಡೂ ಚಾನೆಲ್ ಕೂಡಿಸಿ ಮೋನೋ ಮಾಡಿದ್ರ ಮುಳ್ಳಿನ ಮ್ಯಾಲೆ-ಕೆಳಗಿನ ಕುಣಿತದ ಸದ್ದು ಬಹಳಷ್ಟು ಹೋಗ್ತದ.

ಹಾನಗಲ್ಲ ದಾರಿ

ತೊಳಿಯೋದು? ಎಲ್‌ಪಿಗೆ ಮಾರೋ ದ್ರಾವಣ ನಡೀತೈತೇನು?

ಮಾಳಮಡ್ಡಿ

ಬ್ಯಾಡ. ಅಂಥಾವು ಬಹಳಷ್ಟರಾಗ ಆಲ್ಕೋಹಾಲ್ ಇರ್ತದ, ಅರಗು ಆಲ್ಕೋಹಾಲಿನಾಗ ಕರಗ್ತದ. ಬಡಿಗ್ಯಾರು ಪಾಲಿಶ್ ಮಾಡೋದೇ ಹಂಗ. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಪಾತ್ರಿ ತೊಳಿಯೋ ದ್ರಾವಣ ಎರಡು ಮೂರು ಹನಿ, ಮೆತ್ತನ ಬ್ರಶ್, ಗೆರಿ ಹೋದ ದಿಕ್ಕಿಗೇ ಒರಸಬೇಕು. ಲೇಬಲ್ ತೋಯಿಸಬ್ಯಾಡ್ರಿ, ನೀರಾಗ ನೆನಸಿ ಇಡಬ್ಯಾಡ್ರಿ. ಆಮ್ಯಾಲೆ ಬರೇ ನೀರು, ಆಮ್ಯಾಲೆ ನೆರಳಾಗ ನಿಲ್ಲಿಸಿ ಒಣಗಸೋದು. ಬಿಸಲಿಗಿಟ್ರ ಹಪ್ಪಳ.

ಕುಂದಗೋಳ ಪ್ಯಾಸೆಂಜರ್

ಪ್ಲೇಟಿಗಿಂತ ನಮ್ಮ ಭಾಗದಾಗ ಹೆಚ್ಚು ಇರೋದು ಟೇಪು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಇವರ ಬೈಠಕ್ಕಿನ ಕ್ಯಾಸೆಟ್ಟು ಮನಿಮನಿಯೊಳಗ ಅದಾವು. ಅವುಗಳ ರೋಗ ಬ್ಯಾರೆ.

ಸೆಲ್ಲಿನ ಮ್ಯಾಲೆ ನಡೆಯೋ ಟೇಪ್‌ರಿಕಾರ್ಡರಿನಾಗ ಮುದ್ರಿಸಿದ್ದು ಅಂದ್ರ, ಸೆಲ್ಲು ಇಳಿದಂಗ ಟೇಪು ನಿಧಾನ ಓಡಿರ್ತೈತಿ. ಸರಿಯಾದ ಸ್ಪೀಡಿನಾಗ ವಾಪಸ್ ನುಡಿಸಿದ್ರ ಹಾಡು ಮುಂದ ಹೋದಂಗ ಷಡ್ಜ ಏರ್ಕೋತ ಹೋಗ್ತೈತಿ, ಲಯನೂ. ‘ರಂಗಕ್ಕೇರಿದಂಗ ಏರಿಸಿದ್ರು’ ಅಂತ ಕೇಳುವವರು ತಲಿ ತೂಗ್ತಾರ! ಶುರುವಿನ ಷಡ್ಜ 138.6, ಕಡೀದು 142 ಅಂದ್ರ ಎರಡೂವರಿ ಶೇಕಡಾ ವ್ಯತ್ಯಾಸ. ತಂಬೂರಿ ತಂತಿ ಹಾಡ್ಕೋತ ಹೋದಂಗ ಸಡಲಾಗಿ ಇಳೀತೈತಿ ಹೊರ್ತು ತಾನ ಏರೂದಿಲ್ಲ, ಪೆಟ್ಟಿಗಿಯಂತೂ ಅಲ್ಲಾಡೂದಿಲ್ಲ. ಏರಿದ್ದು ಕಂಡ್ರ ಟೇಪಿನ ದೋಷನ. ಹತ್ತು ಹತ್ತು ನಿಮಿಷಕ್ಕ ಷಡ್ಜ ಅಳದು, ಆ ಏರಿಕಿಗೆ ತಕ್ಕಂಗ ಸ್ಪೀಡನ್ನ ಸಾವಕಾಶ ಇಳಿಸ್ಕೋತ ಬರಬೇಕು. ಇಡೀ ಟೇಪಿಗೆ ಒಂದ ಅಂಕಿ ಹಚ್ಚಿದ್ರ ಅರ್ಧ ಸರಿ, ಅರ್ಧ ತಪ್ಪು.

ಮನ್ಸೂರರ ಹಾಡಿಕಿಗೆ ಇದು ಭಾಳ ತ್ರಾಸು ಕೊಡ್ತೈತಿ. ಮಂಜಿಖಾನ್, ಭುರ್ಜಿಖಾನ್ ಅವರಿಂದ ಬಂದ ಜೈಪುರ-ಅತ್ರೌಲಿ ಗಾಯಕಿಯೊಳಗ ಲಯ ಹಿಡಿದು ತಾನು ಹೆಣೆಯೋದ ಮುಖ್ಯ. ಟೇಪಿನಿಂದ ಲಯ ಓಡಿದ್ರ ಆ ಹೆಣಿಗಿ ಅವಸರದ್ದು ಅನಸ್ತೈತಿ. ಅದೂ ಬಹಾದೂರಿ ತೋಡಿ, ಖಟ್‌ನಂಥ ರಾಗದಾಗ ಸ್ವರದ ಹೆಜ್ಜಿ ಒಂದೊಂದೂ ಕಾಣಬೇಕು.

ಡಬ್ಬಿ ಮ್ಯಾಲಿನ ಬರಹನೂ ನಂಬಾಕ ಬರೂದಿಲ್ಲ. ‘12 ಸಪ್ಟೆಂಬರ್ ಪುಣ್ಯತಿಥಿ’ ಅಂತ ಇದ್ರ ಯಾರದು? ಸವಾಯಿ ಗಂಧರ್ವರು ಹೋಗಿದ್ದು 1952ರ ಸಪ್ಟೆಂಬರ್ 12ಕ್ಕ, ಮನ್ಸೂರರು 1992ರ ಅದೇ ತಾರೀಖಿಗೆ. ಜುಲೈ 21ರದೂ ಹಂಗ: ರಾಜಗುರು 1991, ಗಂಗೂಬಾಯಿ 2009. ವರ್ಷ ಬರೀದ ಬರೇ ತಾರೀಖು ಬರದ ಟೇಪು ಕೈಗೆ ಬಂದ್ರ ಹಾಡಿನ ನಡುವಿನ ನಿವೇದನಾ ಕೇಳಿ ತೀರ್ಮಾನ ಮಾಡ್ರಿ.

ಬೆಟಗೇರಿ ತಟ್ಟಿ

ಭಾಳ ಉಪಕಾರ. ಹಂಗಾದ್ರ ಏರುದನಿ ಪ್ರತಿನ ಇಡ್ತೀನಿ. ಆದ್ರ ಅದರದೂ ಷಡ್ಜ ಬಿಳಿ-ಕರಿ ನಡುವ ಐತೋ ಏನೋ, ಅಳೀಬೇಕು. ಪೆಟ್ಟಿಗಿ ಹಿಂದ ಸಣ್ಣಗ ಕೇಳ್ತೈತಿ.

ಕರಿ ಒಂದು

ಹಾಡಿನ ಮೇಲೆ ಅಳೆಯಬೇಡಿ, ಮೀಂಡಿನಲ್ಲಿ (ಸ್ವರದಿಂದ ಸ್ವರಕ್ಕೆ ಜಾರುವಲ್ಲಿ) ಅಂಕಿ ಓಡಾಡುತ್ತದೆ. ಹಾಡು ಮುಗಿದು ಪೆಟ್ಟಿಗೆ ಒಂದೇ ಉಳಿಯುವ ಅರ್ಧ ಸೆಕೆಂಡು ಇರುತ್ತದಲ್ಲ, ಅಲ್ಲಿ ಅಳೆಯಿರಿ. ಶುರುವಿನಲ್ಲೂ ಒಂದು ಸಲ. ಎರಡೂ ಹೊಂದದಿದ್ದರೆ ಪ್ಲೇಟು ತಿರುಗಿಸಿದ ಮಶೀನೇ ನಡುವೆ ನಿಧಾನವಾಗಿದೆ.

ಮಾಳಮಡ್ಡಿ

ಅಂಕಿ ಏನರ ಬರ್ಲಿ, ಮೂಲ ಫೈಲನ್ನ ಮುಟ್ಟದ ಹಂಗ ಬ್ಯಾರೆ ಇಡ್ರಿ, ಎಂಪಿ3 ಅಲ್ಲ, ವೇವ್. ಸರಿಪಡಿಸಿದ್ದಕ್ಕ ಹೆಸರಿನಾಗನ ಬರೀರಿ: ಮ್ಯಾಟ್ರಿಕ್ಸ್ ನಂಬರು, ಯಾವ ಸ್ಪೀಡಿಂದ ಯಾವುದಕ್ಕ ಬದಲಿಸಿದ್ರಿ, ಷಡ್ಜ ಎಷ್ಟು ಹರ್ಟ್ಜ್. ಎರಡೂ ಮಗ್ಗಲಿನ ಲೇಬಲ್ ಫೋಟೋ, ಬೋಳು ಜಾಗದ ಅಂಕಿ ಕಾಣೂವಂಗ ಓರೆಯಾಗಿ ಬೆಳಕು ಬಿಟ್ಟು ತಗದು ಇಲ್ಲಿ ಹಾಕ್ರಿ, ಅಕ್ಕಪಕ್ಕದ ನಂಬರಿನ ಪ್ಲೇಟು ಯಾರ ಹತ್ರ ಅದ ಅಂತ ನೋಡೋಣು.